ನಡುನೀರಿನ ಕಸ

ಮೂರ್ನಾಡಿನ ಯಮುನಾ ಮೀನಿನ ವ್ಯಾಪಾರಕ್ಕೆ ಇಳಿದಿದ್ದಾಳೆಂದು ಊರಿನ ಅರ್ಧ ಜನ ಬಹಳ ಕಾಲ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಆ ಅರ್ಧದೊಳಗೇ ಇದ್ದ. ನಂಬಲು ಕಾರಣವೂ ಇತ್ತು. ಅವಳು ಮಾಕುಟ್ಟದ ಘಾಟಿ ಇಳಿದು ಕೊಚ್ಚಿಗೆ ಹೋಗುತ್ತಾಳೆ, ಹಡಗು ಹತ್ತುತ್ತಾಳೆ, ವಾರಗಟ್ಟಲೆ ಕಡಲಲ್ಲಿರುತ್ತಾಳೆ, ಕೇಳಿದರೆ "ಮೀನಿಂದ ಬರೋ ಪ್ರತಿಧ್ವನಿ ನೋಡ್ತೀನಿ" ಅನ್ನುತ್ತಾಳೆ. ಕಡಲನ್ನು ಊಟದ ತಟ್ಟೆಯಲ್ಲಿ ಮಾತ್ರ ಕಂಡ ಬೆಟ್ಟದ ಜನಕ್ಕೆ ಮೀನು ಎಂಬ ಮಾತು ಕೇಳಿದ ಮೇಲೆ ಪ್ರತಿಧ್ವನಿ ಎಂಬುದು ಕಿವಿಗೆ ಬೀಳುವುದಿಲ್ಲ. ಹೀಗಾಗಿ ಈ ಬರೆಯುವವನೇ ಒಂದು ಮದುವೆಮನೆಯಲ್ಲಿ ಅವಳನ್ನು ಕಂಬದ ಮರೆಗೆ ಕರೆದು, ಮುಂದಿನ ಸಲ ಬರುವಾಗ ಒಂದು ಒಳ್ಳೆಯ ಅಂಜಲ್ ಮೀನು ಐಸಿನಲ್ಲಿಟ್ಟು ತರಲಾದೀತೇ ಎಂದು ಗುಟ್ಟಾಗಿ ವಿಚಾರಿಸಿದ್ದೂ ಉಂಟು.

ಯಮುನಾ ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ನಾನು ಮೀನು ಹಿಡಿಯಲ್ಲ. ಮೀನು ಇರೋ ಕಡೆ ನೀರು ಹೇಗೆ ಅಲ್ಲಾಡ್ತದೆ ಅಂತ ನೋಡ್ತೀನಿ."

"ಅಲ್ಲಾಡಿದ್ರೆ?"

"ಅಲ್ಲಾಡಿದ್ರೆ ಅಲ್ಲಾಡ್ತು ಅಂತ ಹೇಳ್ತೀನಿ. ಅದಕ್ಕೇ ಸಂಬಳ."

ಅಂದಿನಿಂದ ಊರಿನ ಉಳಿದರ್ಧ ಜನರಿಗೆ ಅವಳು ಸಿಟ್ಟಿನ ಯಮುನಾ ಆದಳು. ಆ ಹೆಸರು ಮಾತ್ರ ತಪ್ಪಲ್ಲ. ಆದರೆ ಅವಳ ಸಿಟ್ಟು ಗಂಡಸರ ಸಿಟ್ಟಿನಂತೆ ಊಟಕ್ಕೆ ಮೊದಲು ಬಂದು ಊಟದ ನಂತರ ಹೋಗುವಂಥದ್ದಲ್ಲ. ಅದಕ್ಕೆ ಯಾವಾಗಲೂ ಒಂದು ಕಾರಣವಿರುತ್ತಿತ್ತು, ಕಾರಣ ಹೋಗುವ ತನಕ ಸಿಟ್ಟೂ ಹೋಗುತ್ತಿರಲಿಲ್ಲ.

ಅವಳ ಕೆಲಸ ಇಷ್ಟು. ಹಡಗಿನ ತಳದಲ್ಲಿ ಒಂದು ಸೋನಾರ್ ಯಂತ್ರವಿದೆ. ಅದು ಟಿಕ್, ಟಿಕ್ ಎಂದು ಕೆಳಗೆ ಸದ್ದು ಬಿಡುತ್ತದೆ. ಸದ್ದು ಕಡಲ ತಳಕ್ಕೆ ಬಡಿದು ಮರಳಿ ಬರುತ್ತದೆ, ಯಂತ್ರದ ತೆರೆಯ ಮೇಲೆ ತಳ ಒಂದು ದಪ್ಪ ಗೆರೆಯಾಗಿ ಮೂಡುತ್ತದೆ. ಆದರೆ ಸದ್ದು ದಾರಿಯಲ್ಲಿ ಸುಮ್ಮನೆ ಹೋಗುವುದಿಲ್ಲ. ನಡುನೀರಿನಲ್ಲಿ ಬೆರಳುದ್ದದ ಮೀನುಗಳು, ಸೀಗಡಿಯ ದಾಯಾದಿಗಳು, ಹೆಸರಿಟ್ಟವರಿಗೂ ಹೆಸರು ನೆನಪಿರದ ಸಣ್ಣ ಜೀವಿಗಳು ಕೋಟಿಗಟ್ಟಲೆ ಗುಂಪುಗೂಡಿ ತೇಲುತ್ತಿರುತ್ತವೆ. ಅವುಗಳಿಗೂ ಬಡಿದು ಸದ್ದು ಮರಳುತ್ತದೆ. ತೆರೆಯ ಮೇಲೆ ಅವೆಲ್ಲ ಸೇರಿ ಒಂದು ಮಸುಕು ಪಟ್ಟಿ. ಸಂಜೆ ಆ ಪಟ್ಟಿ ಮೇಲೇರುತ್ತದೆ, ಬೆಳಗಾದರೆ ಆಳಕ್ಕೆ ಇಳಿಯುತ್ತದೆ. ಬೆಳಕಿಗೆ ಹೆದರುವ ಜಾತಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಕಡಲು ಎಣ್ಣೆ ಸವರಿದ ಕಾವಲಿಯಂತೆ ಸಪಾಟಾಗಿತ್ತು. ಹಡಗಿನಲ್ಲಿ ಟೀ ಲೋಟವೂ ಅಲುಗಾಡುತ್ತಿರಲಿಲ್ಲ. ಆಗ ತೆರೆಯ ಮೇಲಿನ ಆ ಪಟ್ಟಿ ತಾನೇ ತಾನಾಗಿ ಗುಡ್ಡ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಕಪ್ತಾನರು ಬಂದು ನೋಡಿ ಯಂತ್ರ ಕೆಟ್ಟಿದೆ ಎಂದರು. ವೈರು ಬದಲಾಯಿಸಿದರು. ಪಟ್ಟಿ ಗುಡ್ಡ ಹತ್ತುತ್ತಲೇ ಇತ್ತು. ಕೆಟ್ಟಿದ್ದು ಯಂತ್ರವಲ್ಲ, ಕಡಲಿನ ಬಗ್ಗೆ ಎಲ್ಲರಿಗಿದ್ದ ತಿಳಿವಳಿಕೆ. ಮೇಲೆ ಬಿಸಿಲು ಕುಡಿದ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಎರಡೂ ಕೂಡುವ ಕಡೆ, ನೀರಿನೊಳಗೇ, ಕಾಫಿ ತೋಟದ ಸಿಲ್ವರ್ ಓಕ್ ಮರಗಳೆತ್ತರದ ಅಲೆಗಳು ನಿಧಾನವಾಗಿ ಸಾಗುತ್ತಿದ್ದವು. ಮೇಲ್ಮೈಗೆ ಅದರ ಸುಳಿವಿಲ್ಲ. ಎದುರು ಈಜಲು ತ್ರಾಣವಿಲ್ಲದ ಆ ಪುಟ್ಟ ಜೀವಿಗಳು ಅಲೆ ಎತ್ತಿದಾಗ ಎದ್ದು, ಬಿಟ್ಟಾಗ ಬೀಳುತ್ತಿದ್ದವು. ಅವುಗಳ ಪ್ರತಿಧ್ವನಿ ಇರದಿದ್ದರೆ ಅಂಥದೊಂದು ಅಲೆ ಹಡಗಿನಡಿಯೇ ಹಾದುಹೋದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಆಳದ ತಂಪನ್ನೂ ಅಲ್ಲಿನ ಸತ್ವವನ್ನೂ ಮೇಲಕ್ಕೆ ಎತ್ತಿ ಕಡಲನ್ನು ಕಲಕುವುದರಲ್ಲಿ ಈ ಒಳಅಲೆಗಳ ಪಾಲು ದೊಡ್ಡದು. ಯಮುನಾ ಅಂದಿನಿಂದ ಆ ಮಸುಕು ಪಟ್ಟಿಯ ಬೆನ್ನು ಬಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಅವಳ ತಾಯಿ ರಾಮಮ್ಮ, "ಪಟ್ಟಿ ಜೊತೆ ಆಗಿದೆ" ಎನ್ನುತ್ತಿದ್ದರು.

ಇಂಥವಳು ದುಡಿಯುವ ಕೊಚ್ಚಿಯ ಕಡಲ ಸಂಶೋಧನಾ ಸಂಸ್ಥೆಗೆ ಹೊಸ ನಿರ್ದೇಶಕರಾಗಿ ಡಾ. ಸಿದ್ಧಾರ್ಥ ಎಂಬವರು ಬಂದರು. ಮೈಸೂರಿನವರು. ಕಡಲ ತಳದ ನಕ್ಷೆ ಮಾಡುವುದರಲ್ಲಿ ಹೆಸರು ಮಾಡಿದವರು. ತಳ ಕಂಡರೆ ಸಾಕು, ನಡುವೆ ಏನಿದ್ದರೂ ಅವರಿಗೆ ಅಡ್ಡಿ. ಯಮುನಾಳ ಪಟ್ಟಿಗೆ ಅವರು ಮೊದಲನೆಯ ಸಭೆಯಲ್ಲೇ 'ಕಸ' ಎಂದು ನಾಮಕರಣ ಮಾಡಿದರು. ಯಮುನಾ ಎದ್ದು ನಿಂತು ಅದು ಕಸವಲ್ಲ ಎಂದಳು. "ನೋಟೆಡ್" ಎಂದರು. ಎರಡನೆಯ ಸಲ ಹೇಳಿದಳು. ಆಗಲೂ "ನೋಟೆಡ್" ಎಂದರು. ದೊಡ್ಡವರ ಬಾಯಲ್ಲಿ ಆ ಮಾತು ಬಂದರೆ ವಿಷಯಕ್ಕೆ ಮಣ್ಣು ಕೊಟ್ಟಂತೆ.

ಡಿಸೆಂಬರಿನಲ್ಲಿ ಯಮುನಾ ರಜೆ ಹಾಕಿ ಮೂರ್ನಾಡಿಗೆ ಬಂದಳು. ಮನೆಯ ಹಿಂದೆ ತುಂಡು ಕಾಫಿ ತೋಟವಿದೆ. ಪಿಕ್ಕಿಂಗಿಗೆ ಜನ ಸಿಗದ ಕಾಲವಾದ್ದರಿಂದ ಮನೆಯವರೇ ಹಣ್ಣು ಕುಯ್ಯಬೇಕು. ಅಪ್ಪನ ಹಳೆಯ ತುಂಬುತೋಳಿನ ಶರ್ಟು ತೊಟ್ಟು, ತಲೆಗೆ ಟವಲು ಕಟ್ಟಿ, ಸೊಂಟಕ್ಕೆ ಚೀಲ ಬಿಗಿದು ಅವಳು ಗಿಡದೊಳಗೆ ನಿಂತಿದ್ದ ಬೆಳಿಗ್ಗೆ ಚಿಕ್ಕಮ್ಮನ ಮಗ ಧರ್ಮೇಶ್ ಬಂದ. ಅವನು ಕಕ್ಕಬೆಯ ಹೋಂಸ್ಟೇಗಳಿಗೆ ಜೀಪು ಓಡಿಸುತ್ತಾನೆ.

"ಅಕ್ಕಾ, ನಿಮ್ಮೋರು ಬಂದಿದಾರಲ್ಲ ಕಕ್ಕಬೆಗೆ."

"ಯಾವ ನಮ್ಮೋರು?"

"ಕಡಲಿನೋರು. ಜೀಪು ತುಂಬ ಆಫೀಸರ್‌ಗಳು. ಒಬ್ರಿಗೆ ಕಡಲಲ್ಲಿ ಯಾವತ್ತೂ ವಾಂತಿ ಆಗಿಲ್ವಂತೆ, ನಮ್ಮ ತಿರುವಲ್ಲಿ ಆಯ್ತು. ಜೀಪು ತೊಳೆದು ಸಾಕಾಯ್ತು ಮಾರಾಯ್ತಿ."

ಯಮುನಾಳ ಕೈ ಗಿಡದ ಮೇಲೇ ನಿಂತಿತು. ಕೊಚ್ಚಿಯಲ್ಲಿ ಕಿಟಕಿ ತೆರೆದರೆ ಕಡಲು ಕಾಣುವ ಆಫೀಸಿದೆ. ಅಲ್ಲಿ ಕಡಲಿನ ಬಗ್ಗೆ ಯೋಚಿಸಲಾಗದ ದೊಡ್ಡವರು ಅದಕ್ಕಾಗಿ ಬೆಟ್ಟ ಹತ್ತಿ ಬಂದಿದ್ದರು. ಅವಳ ಊರಿಗೇ. ಅವಳಿಗೆ ಒಂದು ಮಾತು ಹೇಳದೆ.

"ಎಂಥ ಮಾತಾಡ್ತಿದ್ರು?"

"ದೊಡ್ಡ ಸಾಹೇಬ್ರು ಹೇಳ್ತಿದ್ರು, ಸೋಮವಾರ ಹೊರಡೋ ಹಡಗಿಂದ್ಲೇ ನಡುನೀರಿನ ಕಸ ಎಲ್ಲ ಅಲ್ಲಲ್ಲೇ ಅಳಿಸ್ಬಿಡೋದು, ತಳ ಮಾತ್ರ ಉಳಿಸ್ಕೊಳ್ಳೋದು ಅಂತ. ಇವತ್ತು ಮಧ್ಯಾಹ್ನ ತೀರ್ಮಾನ ಅಂತೆ. ಕಡಲಲ್ಲಿ ಅಷ್ಟೊಂದು ಪ್ಲಾಸ್ಟಿಕ್ಕಾ ಅಕ್ಕಾ?"

"ಪ್ಲಾಸ್ಟಿಕ್ ಅಲ್ವೋ. ಅದು ನಾನು ನೋಡೋ ಪಟ್ಟಿ."

ಇದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈವರೆಗೆ ಯಂತ್ರ ಎಲ್ಲ ಪ್ರತಿಧ್ವನಿಗಳನ್ನೂ ಇದ್ದಂತೆ ಉಳಿಸಿಕೊಳ್ಳುತ್ತಿತ್ತು. ಹೊಸ ಏರ್ಪಾಡು ಬಂದರೆ ತಳದ ಗೆರೆಯೊಂದನ್ನು ಬಿಟ್ಟು ಉಳಿದದ್ದನ್ನು ಕೇಳಿದ ಕ್ಷಣದಲ್ಲೇ ಒರೆಸಿಹಾಕುತ್ತದೆ. ಒಂದು ಸಲ ಹಾಗಾದರೆ ಆ ದಿನದ ಅಲೆ ಆ ದಿನಕ್ಕೆ ಮುಗಿಯಿತು. ಕಡಲನ್ನು ಇನ್ನೊಮ್ಮೆ ಹಾಗೇ ಅಲ್ಲಾಡು ಎಂದು ಕೇಳಲಾಗುವುದಿಲ್ಲ.

ಅವಳು ಸೊಂಟದ ಚೀಲ ಬಿಚ್ಚಿ ಗಿಡದ ಬುಡಕ್ಕೆ ಎಸೆದಳು. ಹಣ್ಣು ನೆಲಕ್ಕೆಲ್ಲ ಚೆಲ್ಲಿತು. "ಜೀಪು ತೆಗಿ" ಎಂದಳು.

ಅಡುಗೆಮನೆಯ ಬಾಗಿಲಿಂದ ರಾಮಮ್ಮ ಕೂಗಿದರು. "ಏ, ಎಲ್ಲಿಗೇ?"

"ಜಗಳಕ್ಕೆ."

"ತಿಂಡಿ ತಿಂದು ಹೋಗು. ಖಾಲಿ ಹೊಟ್ಟೇಲಿ ಜಗಳ ಆಡಿದ್ರೆ ಗಂಟಲು ಕಟ್ತದೆ."

ರಾಮಮ್ಮ ಕುಶಾಲನಗರದ ಕಡೆಯ ರೈತರ ಮನೆಯಿಂದ ಬಂದವರು. ಜಗಳವನ್ನೂ ಉಳುಮೆಯಂತೆ ತಯಾರಿ ಬೇಡುವ ಕೆಲಸವೆಂದು ಬಲ್ಲವರು. ಯಮುನಾ ನಿಂತೇ ಎರಡು ಅಕ್ಕಿರೊಟ್ಟಿ ತಿಂದು ಜೀಪು ಹತ್ತಿದಳು.

ದಾರಿಯಲ್ಲಿ ಧರ್ಮೇಶ್ ಒಂದೆರಡು ಸಲ ಹಾಡು ಹಾಕಲು ಕೈ ಚಾಚಿ, ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಕೊನೆಗೆ ತಡೆಯಲಾರದೆ, "ಬಟ್ಟೆಯಾದ್ರೂ ಬದಲಾಯಿಸ್ಬಹುದಿತ್ತು ಅಕ್ಕಾ" ಎಂದ.

"ಸೀರೆ ಉಟ್ಕೊಂಡು ಹೋಗಿ ಎರಡು ಸಲ ಹೇಳಿದೀನಿ. ನೋಟೆಡ್ ಅಂದ್ರು."

ಹೋಂಸ್ಟೇಯ ಗೇಟಿಗೆ ದೊಡ್ಡದೊಂದು ಬ್ಯಾನರು ಕಟ್ಟಿದ್ದರು: 'ಸ್ವಚ್ಛ ದತ್ತಾಂಶ, ಸಮೃದ್ಧ ಸಾಗರ: ಉನ್ನತ ಮಟ್ಟದ ಚಿಂತನ ಶಿಬಿರ'. ಮಟ್ಟ ಉನ್ನತವೇ, ಸುಳ್ಳಲ್ಲ. ತಡಿಯಂಡಮೋಳ್ ಬೆಟ್ಟದ ಬುಡ ಅದು. ಬ್ಯಾನರಿನ ಕೆಳಗೆ ಮಾಲೀಕ ಕೀರ್ತಿಕುಮಾರ್ ಗರಿ ಸಿಕ್ಕಿಸಿದ ಟೊಪ್ಪಿಗೆ ಹಾಕಿ ನಿಂತಿದ್ದರು. ಅವರನ್ನು ಹೋಂಸ್ಟೇ ಮಾಲೀಕ ಎಂದರೆ ಅವರಿಗೆ ಬೇಸರ, ಕಾಫಿ ರಾಯಭಾರಿ ಎನ್ನಬೇಕು. ಯಾವ ದೇಶದಿಂದ ಯಾವ ದೇಶಕ್ಕೆ ಎಂದು ಯಾರೂ ಕೇಳಿರಲಿಲ್ಲ. ಯಮುನಾಳ ಟವಲು, ಶರ್ಟು ನೋಡಿದವರೇ ಕೈ ಅಡ್ಡ ಹಿಡಿದರು.

"ಪಿಕ್ಕಿಂಗ್ ಹೆಂಗಸರು ಹಿಂದಿನ ಗೇಟಿಂದ ಬರ್ಬೇಕಮ್ಮ. ಗೆಸ್ಟ್ ಇದಾರೆ."

"ನಿಮ್ಮ ಗೆಸ್ಟ್‌ಗಳ ಹಡಗಿನ ಯಂತ್ರ ನೋಡ್ಕೊಳ್ಳೋಳು ನಾನು. ಮುಂದಿನ ಗೇಟಿಂದ್ಲೇ ಬರ್ತೀನಿ. ಪಿಕ್ಕಿಂಗಿನವರಾದ್ರೆ ಯಾಕೆ ಬರ್ಬಾರದು ಅನ್ನೋದನ್ನ ಆಮೇಲೆ ಮಾತಾಡೋಣ."

"ಕೀರ್ತಣ್ಣ, ಜಾಗ ಬಿಡಿ," ಧರ್ಮೇಶ್ ಜೀಪಿನಿಂದಲೇ ಅಂದ. "ಇಲ್ಲಿವರೆಗೂ ಬ್ರೇಕ್ ಹಿಡಿದೇ ಕರ್ಕೊಂಡು ಬಂದಿದೀನಿ. ಇನ್ನು ನನ್ನ ಕೈಲಿ ಇಲ್ಲ."

ಹುಲ್ಲುಹಾಸಿನ ಮೇಲೆ ಕಡಲಿನವರು ಕಾಫಿ ಕುಡಿಯುತ್ತಿದ್ದರು. ನಿರ್ದೇಶಕರಿಗೆ ಯಮುನಾಳನ್ನು ಗುರುತು ಹಿಡಿಯಲು ಕೊಂಚ ಹೊತ್ತು ಬೇಕಾಯಿತು. ಹಿಡಿದ ಮೇಲೆ ಹಳೆಯ ನೆಂಟರನ್ನು ಕಂಡಂತೆ ನಕ್ಕರು.

"ಓ, ಯಮುನಾ! ನಿಮ್ಮೂರು ಇಲ್ಲೇ ಏನು? ಎಷ್ಟು ಚೆನ್ನಾಗಿದೆಯಮ್ಮ! ಮೊದಲೇ ಹೇಳ್ಬಾರ್ದಾ?"

"ನೀವು ಮೊದ್ಲೇ ಹೇಳ್ಬೇಕಿತ್ತು ಸರ್. ಪಟ್ಟಿ ಅಳಿಸೋ ತೀರ್ಮಾನ ಅಂತೆ. ಆ ಯಂತ್ರದ ಮುಂದೆ ಹದಿನಾಲ್ಕು ವರ್ಷದಿಂದ ಕೂತಿರೋಳು ನಾನು. ನನ್ನ ಯಾಕೆ ಕರೀಲಿಲ್ಲ?"

"ಇದು ನೀತಿ ನಿರ್ಧಾರದ ಸಭೆಯಮ್ಮ. ಯಂತ್ರ ನಡೆಸೋರು ಬೇಕಾಗಲ್ಲ. ಅಲ್ಲದೆ ನೀವು ರಜೆಯಲ್ಲಿದ್ದೀರಿ. ರಜೆ ಅನುಭವಿಸಿ." ಅವರು ದನಿ ತಗ್ಗಿಸಿ, ಡಾಕ್ಟರು ರೋಗಿಗೆ ಹೇಳುವಂತೆ ಹೇಳಿದರು. "ನೋಡಿ, ನೀವು ಇದರಲ್ಲಿ ಸ್ವಲ್ಪ ಭಾವುಕರಾಗಿಬಿಟ್ಟಿದ್ದೀರಿ. ನಮಗೆ ಬೇಕಾದ್ದು ತಳ. ನಡುವಿನ ಗದ್ದಲ ಡಿಸ್ಕಿನಲ್ಲಿ ಸುಮ್ಮನೆ ಜಾಗ ತಿನ್ನುತ್ತೆ."

ಭಾವುಕ. ಯಮುನಾಳ ಕಿವಿಯ ಹಿಂದೆ ಬಿಸಿಯೇರಿತು. ಇದೇ ಮಾತನ್ನು ಗಂಡಸೊಬ್ಬ ಮೇಜು ಗುದ್ದಿ ಹೇಳಿದ್ದರೆ ಅದನ್ನು ಬದ್ಧತೆ ಎನ್ನುತ್ತಿದ್ದರು, ಕಿರುಚಿ ಹೇಳಿದ್ದರೆ ನಾಯಕತ್ವ. ಅವಳು ಸಿಟ್ಟನ್ನು ಹಲ್ಲಿನಡಿ ಒತ್ತಿ ಹಿಡಿದು ಕೊನೆಯ ಸಲ ಸಮಾಧಾನದಿಂದ ಹೇಳಿ ನೋಡೋಣ ಎಂದುಕೊಂಡಳು. ಎದುರಿನ ಕಣಿವೆಯಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ.

"ಸರ್, ಅಲ್ಲಿ ಗಾಳಿ ಕಾಣ್ತದಾ?"

"ಗಾಳಿ ಹೇಗಮ್ಮ ಕಾಣುತ್ತೆ?"

"ಆ ಮಂಜು ಗುಡ್ಡಕ್ಕೆ ಒರಗಿ ಏಳ್ತಾ ಇಳೀತಾ ಇದೆಯಲ್ಲ, ನೋಡಿ. ಅದನ್ನ ಎತ್ತಿ ಇಳಿಸ್ತಿರೋದು ಗಾಳಿ. ಮಂಜು ಅಳಿಸಿಬಿಟ್ರೆ ಗಾಳಿ ಹೇಗೆ ಹೋಗ್ತಿದೆ ಅಂತ ಗೊತ್ತಾಗಲ್ಲ. ನಡುನೀರಿನ ಆ ಜೀವಿಗಳೂ ಹಾಗೇ. ಅವು ಅಲೆ ತೋರಿಸೋ ಮಂಜು."

ನಿರ್ದೇಶಕರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಅರಳಿತು. ಯಮುನಾಳ ಎದೆಯಲ್ಲಿ ಸಣ್ಣದೊಂದು ಆಸೆ ಹುಟ್ಟಿತು.

"ಅಬ್ಬಾ, ಅದ್ಭುತ!" ಎಂದರು ಡಾ. ಸಿದ್ಧಾರ್ಥ. "ಯಾರಾದ್ರೂ ಒಂದು ಫೋಟೋ ತೆಗೀರಪ್ಪ. ಮಂಜು ಹಿಂದೆ ಬರ್ಲಿ."

ಫೋಟೋ ತೆಗೆದರು. ಮೊದಲು ನಿರ್ದೇಶಕರು ಒಬ್ಬರೇ, ಆಮೇಲೆ ಎಲ್ಲರೂ, ಆಮೇಲೆ ಕೀರ್ತಿಕುಮಾರರ ಟೊಪ್ಪಿಗೆಯನ್ನು ಸರದಿಯ ಮೇಲೆ ಹಾಕಿಕೊಂಡು. ಯಮುನಾ ಅಲ್ಲೇ ಕಂಬದಂತೆ ನಿಂತಿದ್ದಳು. ಅವಳಿಗೆ ಈಗ ಬರುತ್ತಿದ್ದುದು ಬೆಳಗ್ಗಿನ ಸಿಟ್ಟಲ್ಲ. ಆ ಸಿಟ್ಟಿಗೆ ಕುದಿಯಿತ್ತು. ಇದು ತಣ್ಣಗಿತ್ತು, ಭಾರವಾಗಿತ್ತು, ಮೇಲಿಂದ ನೋಡಿದವರಿಗೆ ಕಾಣುವಂತಿರಲಿಲ್ಲ.

ಸಭೆಗೆ ಮೊದಲು 'ಕಾಫಿ ಅನುಭವ ಯಾತ್ರೆ' ಎಂಬುದಿತ್ತು. ಅದು ಪ್ಯಾಕೇಜಿನಲ್ಲೇ ಸೇರಿದ್ದರಿಂದ ಯಾರೂ ಬಿಡಲು ತಯಾರಿರಲಿಲ್ಲ. ಕೀರ್ತಿಕುಮಾರ್ ಎಲ್ಲರನ್ನೂ ಕಣದ ಪಕ್ಕದ ತೊಟ್ಟಿಯ ಬಳಿ ಕರೆದೊಯ್ದರು. ಯಮುನಾಳನ್ನು ಯಾರೂ ಕರೆಯಲಿಲ್ಲ. ಬರಬೇಡ ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಅವಳು ಹಿಂದೆಯೇ ಹೋದಳು.

ಕೀರ್ತಿಕುಮಾರ್ ಒಂದು ಬುಟ್ಟಿ ಕೆಂಪು ಹಣ್ಣನ್ನು ನೀರಿಗೆ ಸುರಿದರು. ಗಟ್ಟಿ ಹಣ್ಣು ಮುಳುಗಿತು. ಒಂದಷ್ಟು ಮೇಲೆ ತೇಲಿತು.

"ತೇಲೋದು ಜೊಳ್ಳು, ಅಲ್ವಾ? ವೇಸ್ಟು," ನಿರ್ದೇಶಕರು ಕೈ ಹಾಕಿ ಅದನ್ನು ಆಚೆಗೆ ತಳ್ಳಹೊರಟರು.

"ಸರ್, ಸರ್, ಸರ್! ಎಸೀಬೇಡಿ!" ಕೀರ್ತಿಕುಮಾರ್ ಗುಡಿಯಲ್ಲಿ ಚಪ್ಪಲಿ ಕಂಡವರಂತೆ ಹೌಹಾರಿದರು. "ಅಲ್ಲೇ ಇರೋದು ಗುಟ್ಟು. ಕಾಯಿಕೊರಕ ಹುಳು ಹೊಕ್ಕ ಹಣ್ಣು ತೇಲ್ತದೆ. ನಾವು ತೋಟದ ಒಂದೊಂದು ಬ್ಲಾಕಿನ ಹಣ್ಣು ಬೇರೆ ಬೇರೆ ಹಾಕಿ, ಜೊಳ್ಳು ತೆಗೆದು ಒಡೆದು ನೋಡ್ತೇವೆ. ಯಾವ ಬ್ಲಾಕಿನ ಜೊಳ್ಳಲ್ಲಿ ತೂತು ಜಾಸ್ತಿಯೋ ಅಲ್ಲಿ ಹುಳು ಎದ್ದಿದೆ ಅಂತ ಅರ್ಥ. ಹುಳು ತೋಟದಲ್ಲಿ ನಿಮಗೆ ಕಾಣಲ್ಲ ಸರ್. ಇಲ್ಲಿ ಕಾಣ್ತದೆ. ಇದನ್ನ ಕಸ ಅಂತ ಎಸೆದೋನು ತೋಟ ಕಳ್ಕೊಂಡ."

ಇದು ಕಾಫಿ ಬೆಳೆಯುವ ಯಾರಿಗೂ ಗೊತ್ತಿರುವ ಸಂಗತಿ. ಆದರೆ ಟೊಪ್ಪಿಗೆ ಹಾಕಿಕೊಂಡು ಹೇಳಿದರೆ ಅದಕ್ಕೊಂದು ಕಳೆ ಬರುತ್ತದೆ. ನಿರ್ದೇಶಕರು ರೋಮಾಂಚನಗೊಂಡರು.

"ಕೇಳಿದ್ರಾ? ಕೇಳಿದ್ರಾ ಎಲ್ಲರೂ? ಕಸವೇ ಮಾಹಿತಿ! ಕಾಣದೇ ಇರೋದನ್ನ ಕಸ ತೋರಿಸುತ್ತೆ! ಎಂಥ ಮಾತು! ಬರ್ಕೊಳ್ಳಿ. ತಿಳೀದೆ ಎಸೆಯೋರು ಮೂರ್ಖರು, ಶುದ್ಧ ಮೂರ್ಖರು!"

ಅಧಿಕಾರಿಗಳು ಮೊಬೈಲಿನಲ್ಲಿ ಬರೆದುಕೊಳ್ಳತೊಡಗಿದರು. ಯಮುನಾ ಅವರ ನಡುವಿಂದ ನುಗ್ಗಿ ಬಂದು, ತೊಟ್ಟಿಯಿಂದ ಬೊಗಸೆ ತುಂಬ ಜೊಳ್ಳು ಎತ್ತಿ ನಿರ್ದೇಶಕರ ಮೂಗಿನಡಿ ಹಿಡಿದಳು. ಬೆರಳ ಸಂದಿಯಿಂದ ನೀರು ಅವರ ಬೂಟಿನ ಮೇಲೆ ಸುರಿಯುತ್ತಿತ್ತು.

"ಸರ್, ಈಗ ಅಂದ್ರಲ್ಲ, ಅದನ್ನ ಇನ್ನೊಂದು ಸಲ ಅನ್ನಿ."

"ಯಮುನಾ, ಇದೇನು..."

"ಅನ್ನಿ ಸರ್. ತಿಳೀದೆ ಎಸೆಯೋರು ಏನು? ಈ ಜೊಳ್ಳಿಗೆ ಒಂದು ನ್ಯಾಯ, ನನ್ನ ಪಟ್ಟಿಗೆ ಒಂದು ನ್ಯಾಯಾನಾ? ಇವರ ತೋಟದಲ್ಲಿ ಹುಳ ಕಾಣಲ್ಲ, ಜೊಳ್ಳು ತೋರಿಸ್ತದೆ. ಕಡಲೊಳಗೆ ಅಲೆ ಕಾಣಲ್ಲ, ಆ ಪುಟ್ಟ ಜೀವಿಗಳು ತೋರಿಸ್ತವೆ. ಇದನ್ನೇ ಅಲ್ವಾ ನಾನು ಕೊಚ್ಚೀಲಿ ಹೇಳಿದ್ದು? ಇದನ್ನೇ ಅಲ್ವಾ ಈಗ ಮಂಜು ತೋರಿಸಿ ಹೇಳಿದ್ದು? ನೀವು ಮಂಜಿನ ಮುಂದೆ ನಿಂತು ಹಲ್ಲು ಕಿಸಿದ್ರಿ! ಟೊಪ್ಪಿಗೆ ಹಾಕ್ಕೊಂಡವರು ಹೇಳಿದ್ರೆ ಬರ್ಕೊಳ್ಳೋದು, ಟವಲು ಕಟ್ಕೊಂಡವಳು ಹೇಳಿದ್ರೆ ಭಾವುಕತೆ! ಸೋಮವಾರ ಹಡಗು ಹೊರಡ್ತದೆ. ಆ ಪ್ರತಿಧ್ವನಿ ಒಂದು ಸಲ ಅಳಿಸಿದ್ರೆ ನೀವಲ್ಲ, ನಿಮ್ಮ ಮೇಲಿನವರು ಬಂದ್ರೂ ವಾಪಸ್ ತರೋಕಾಗಲ್ಲ. ಎಸೀತೀರೋ ಇಲ್ವೋ, ಅದನ್ನ ಇಲ್ಲೇ ಹೇಳಿ. ಜೊಳ್ಳು ಕೈಲಿರೋವಾಗ್ಲೇ ಹೇಳಿ."

ಕಣದಲ್ಲಿ ಕಾಫಿ ಹರಡುತ್ತಿದ್ದವರೂ ಕೆಲಸ ನಿಲ್ಲಿಸಿದ್ದರು. ಕೀರ್ತಿಕುಮಾರ್ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

"ಆದರೆ ಡಿಸ್ಕಿನಲ್ಲಿ ಜಾಗ..." ನಿರ್ದೇಶಕರು ತೊದಲಿದರು.

"ಜಾಗ ಬೇಕಾದಷ್ಟಿದೆ ಸರ್," ಹಿಂದಿನಿಂದ ಒಂದು ದನಿ ಬಂತು. ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ದಿವ್ಯಶ್ರೀ. ಜೀಪಿನ ತಿರುವಿನಲ್ಲಿ ವಾಂತಿ ಮಾಡಿಕೊಂಡ ಅಧಿಕಾರಿ ಅವರೇ. "ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ನಿರ್ದೇಶಕರು ಬೂಟು ನೋಡಿಕೊಂಡರು, ಕಣಿವೆ ನೋಡಿದರು, ತಾವೀಗಷ್ಟೇ ಬರೆದುಕೊಳ್ಳಿ ಎಂದದ್ದನ್ನು ಬರೆದುಕೊಂಡು ನಿಂತಿದ್ದ ಕೈಕೆಳಗಿನವರನ್ನು ನೋಡಿದರು. "ಸರಿ, ಪರಿಶೀಲಿಸೋಣ" ಎಂದರು.

"ಪರಿಶೀಲನೆ ಬೇಡ ಸರ್. ಅಳಿಸ್ತೀರೋ, ಇಲ್ವೋ?"

"ಇಲ್ಲಮ್ಮ. ಅಳಿಸಲ್ಲ."

ಅವಳು ಜೊಳ್ಳನ್ನು ಮತ್ತೆ ತೊಟ್ಟಿಗೆ ಬಿಟ್ಟಳು.

ಮಧ್ಯಾಹ್ನದ ಸಭೆಯಲ್ಲಿ ಅವಳಿಗೂ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು, ಕಟ್ಟಕಡೆಯ ಸಾಲಿನಲ್ಲಿ, ಪುಕ್ಕಟೆ ಊಟ ಮುಗಿಸಿ ತೂಕಡಿಸುತ್ತಿದ್ದ ಧರ್ಮೇಶನ ಪಕ್ಕ. ಡಾ. ಸಿದ್ಧಾರ್ಥ ಮಾತಾಡಲು ಎದ್ದರು. ವಿಷಯ, 'ಕಾಫಿ ತೊಟ್ಟಿ ನನಗೆ ಕಲಿಸಿದ ಪಾಠ'. ಇಂದು ಬೆಳಿಗ್ಗೆ ತೊಟ್ಟಿಯ ಬಳಿ ನಿಂತಿದ್ದಾಗ ತಮಗೊಂದು ಹೊಳಹು ಮಿಂಚಿತೆಂದರು. ಕಡಲಿನ ನಡುನೀರಿನ ಪ್ರತಿಧ್ವನಿ ಕಸವಲ್ಲ, ಕಾಣದ ಅಲೆಗಳ ಕನ್ನಡಿ ಎಂದರು. ಇನ್ನು ಮುಂದೆ ನಮ್ಮ ಯಾವ ಹಡಗಿನಲ್ಲೂ ಅದನ್ನು ಅಳಿಸಬಾರದು, ಇದ್ದಂತೆಯೇ ಉಳಿಸಬೇಕು, ಇದು ನನ್ನ ಸ್ಪಷ್ಟ ನಿಲುವು ಎಂದು ಮೇಜು ಕುಟ್ಟಿದರು. ಚಪ್ಪಾಳೆ ಜೋರಾಗಿತ್ತು. ಮಂಜಿನ ಮಾತೂ ಬಂತು, ಅದು ಕೂಡ ಅವರಿಗೇ ಹೊಳೆದದ್ದಾಗಿ. ಕೀರ್ತಿಕುಮಾರ್ ಅವರಿಗೆ ಶಾಲು ಹೊದಿಸಿದರು, ಅವರು ಕೀರ್ತಿಕುಮಾರರಿಗೆ ಶಾಲು ಹೊದಿಸಿದರು. ಶಾಲು ಒಂದೇ ಇತ್ತು ಎಂದು ಧರ್ಮೇಶ್ ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ಬಂದ.

ಯಮುನಾ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಿ ದಿವ್ಯಶ್ರೀಯ ಮೊಣಕೈ ಹಿಡಿದಳು.

"ಹಡಗಿಗೆ ತಿಳಿಸಿದ್ರಾ?"

"ಆಗಲೇ ತಿಳಿಸಿದೆ. ಯಂತ್ರದಲ್ಲಿ ಏನೂ ಬದಲಾವಣೆ ಇಲ್ಲ, ಎಲ್ಲ ಮೊದಲಿನ ಹಾಗೇ. ಕಪ್ತಾನರ ಉತ್ತರವೂ ಬಂತು."

ಅಷ್ಟು ಕೇಳಿ ಯಮುನಾ ಜೀಪಿನ ಕಡೆ ನಡೆದಳು. ಪಟ್ಟಿ ಉಳಿದಿತ್ತು. ಮನೆಯಲ್ಲಿ ಗಿಡದ ಬುಡಕ್ಕೆ ಚೆಲ್ಲಿದ ಹಣ್ಣು ಬೆಳಕಿರುವಾಗಲೇ ಆಯ್ದುಕೊಳ್ಳಬೇಕಿತ್ತು. ತಲೆಯ ಟವಲನ್ನು ಬಿಚ್ಚಿ, ಕೊಡವಿ, ಮತ್ತೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.

ಹಿಂದಿನಿಂದ ನಿರ್ದೇಶಕರು ಶಾಲು ಸರಿಪಡಿಸಿಕೊಳ್ಳುತ್ತಾ ಬೇಗ ಬೇಗ ಬಂದರು. ಮುಖದಲ್ಲಿ ಉದಾರತೆ ತುಂಬಿ ತುಳುಕುತ್ತಿತ್ತು.

"ಏನಮ್ಮ ಯಮುನಾ, ಈಗಲೂ ಮುಖ ಗಂಟು? ಇನ್ನೂ ಯಾಕಮ್ಮ ಸಿಟ್ಟು? ನೀವು ಬೆಳಿಗ್ಗೆಯಿಂದ ಹೇಳ್ತಿದ್ದಿದ್ದನ್ನೇ ಅಲ್ವೇ ನಾನೂ ಹೇಳಿದ್ದು?"

ಯಮುನಾ ಜೀಪು ಹತ್ತಿ ಕೂತಳು.

"ಹೌದು ಸರ್. ಅದಕ್ಕೇ."